ಭಾವನ ಕಂಪ್ಯೂಟರ್ ಮೆಲುಕು ಹಾಕಲಿಲ್ಲ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಟಿ. ನರಸೀಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ! ನಾನು ಹೇಳುವುದು ಇಷ್ಟೇ: ದನಕ್ಕೂ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ಇಂದಿನವರೆಗೆ ಯಾರೂ ಅವರಿಗೆ ತಿಳಿಸಿಕೊಟ್ಟಿಲ್ಲ.

ಇವರು ನನ್ನ ಹೆಂಡತಿಯ ಅಣ್ಣ. ಕೊಟ್ಟಿಗೆ ಖಾಲಿಯಾಗಿ ಎಷ್ಟೋ ವರ್ಷವಾಯಿತು. ಆದರೆ ದನ ಸಾಕುವ ಚಟ ಎಲ್ಲಿಗೆ ಹೋಗಬೇಕು? ಮನೆಯ ಯಂತ್ರಗಳ ಮೇಲೆ ತಿರುಗಿತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಸರಿ, ಒಪ್ಪೋಣ. ಮಿಕ್ಸಿಗೂ ಸೋಮವಾರ ರಜೆ ಕೊಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

“ವಾರವೆಲ್ಲ ಗಿರಗಿರ ತಿರುಗ್ತದೆ ಕಣಯ್ಯಾ. ಒಂದಿನ ಸುಮ್ಕೆ ನಿಂತ್ಕಳ್ಳಿ” ಎನ್ನುತ್ತಾರೆ.

ಅವರ ಸೊಸೆ ಸ್ಕೂಲ್ ಟೀಚರು. ಪಾಪ, ಸೋಮವಾರದ ಆತುರದಲ್ಲಿ ಒರಳುಕಲ್ಲಿನ ಮುಂದೆ ಕೂತು ಚಟ್ನಿ ರುಬ್ಬಬೇಕು. ಆ ಚಟ್ನಿಯ ರುಚಿಗಾಗಿ ನಾನು ನಂಜನಗೂಡಿನಿಂದ ಸೋಮವಾರವೇ ಬಸ್ಸು ಹತ್ತುತ್ತೇನೆ ಎಂಬುದು ಬೇರೆ ಮಾತು!

ಒಂದು ಸಂಕ್ರಾಂತಿಗೆ ಸ್ಕೂಟರಿಗೆ ಅರಿಸಿನ ಬಳಿದು, ಹೂವು ಮುಡಿಸಿ, ಊರಿನ ದನಗಳ ಜೊತೆ ಕಿಚ್ಚು ಹಾಯಿಸಲು ತಂದು ನಿಲ್ಲಿಸಿದ್ದರು. ಬೆಂಕಿಯ ಹತ್ತಿರ ಪೆಟ್ರೋಲ್ ಟ್ಯಾಂಕು! ಜನ ಓಡಿ ಬಂದು ತಡೆದರು. ಭಾವ ಯೋಚಿಸಿ, “ಅಂಗಾರೆ ಪೆಟ್ರೋಲ್ ತಗ್ದು ತಳ್ಕೊಂಡು ಓಗಾನ” ಎಂದರಂತೆ.

ಇಂಥವನ್ನು ಹೇಳಿ ನೆಂಟರನ್ನು ನಗಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಕಂಪ್ಯೂಟರಿನ ಕಥೆಯನ್ನೂ ಎಷ್ಟೋ ಪಂಕ್ತಿಯಲ್ಲಿ ಹೇಳಿದ್ದೇನೆ, ಅರ್ಧ ಮಾತ್ರ. ಉಳಿದರ್ಧದಲ್ಲಿ ನಾನಿದ್ದೇನೆ. ಅದಕ್ಕೇ ನುಂಗಿಕೊಂಡಿದ್ದೆ. ತಪ್ಪಾಯಿತು, ಈಗ ಪೂರ್ತಿ ಹೇಳುತ್ತೇನೆ.

ನಮ್ಮ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಮದುವೆಗೆ ಮುಂಚೆ ಅರಿಸಿನ ಕುಟ್ಟುವ ಶಾಸ್ತ್ರ, ಕುಟ್ಟುವಾಗ ಸೋಬಾನೆ ಪದ. ನಮ್ಮ ಬಳಗದಲ್ಲಿ ಆ ಪದಗಳನ್ನು ಎತ್ತಿ ಹೇಳುತ್ತಿದ್ದವಳು ನನ್ನ ಹೆಂಡತಿ. ಆದರೆ ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ. “ದನಿ ಇಲ್ದೋಳು ಒರಳ ಮುಂದೆ ಕೂತು ಏನ್ ಮಾಡ್ಲಿ? ನಾನು ಬರಾಕಿಲ್ಲ” ಎಂದು ಹಟ ಹಿಡಿದಳು. ಮೊಮ್ಮಗಳು ಕಾಲು ಹಿಡಿದರೂ ಕರಗಲಿಲ್ಲ.

ಭಾವನಿಗೆ ಸುದ್ದಿ ಹೋಯಿತು. ಕೂಡಲೇ ಫೋನು. “ಅವಳ ದನಿ ನನ್ನತ್ರ ಅದೆ, ಕರ್ಕೊಂಡ್ ಬಾ!”

ಅವರ ಮಗಳ ಮದುವೆಯ ವಿಡಿಯೋ ಒಂದು ಡಿವಿಡಿಯಲ್ಲಿತ್ತು. ಅದರೊಳಗೆ ನನ್ನಾಕೆಯ ಸೋಬಾನೆ. ಮೈಸೂರಿಗೆ ಕಳಿಸಿದರೆ ಪೆನ್ ಡ್ರೈವಿಗೆ ಹಾಕಿಕೊಡುತ್ತಾರೆ ಎಂದೆ. “ನನ್ ತಂಗಿ ದನೀನ ಬಸ್ಸಲ್ಲಿ ಕಳ್ಸಾಕಿಲ್ಲ. ಗೀರು ಬಿದ್ರೆ ಅವಳ ಪದಾನ ನೀನು ಆಡೀಯಾ?” ಎಂದರು. ಸರಿ, ಒಂದು ಭಾನುವಾರ ಇವಳನ್ನು ಕರೆದುಕೊಂಡು ಹೋದೆ.

ಹೋಗಿ ನೋಡಿದರೆ ಭಾವ ಕಂಪ್ಯೂಟರ್ ಡಬ್ಬಕ್ಕೆ ಕಿವಿ ಇಟ್ಟು ಕೂತಿದ್ದಾರೆ!

“ಬಾಯಿ ತೆಗೀತದೆ, ಮೇವು ಒಳಕ್ಕೂ ತಕ್ಕೊಳ್ತದೆ. ಮೆಲುಕೇ ಆಕಾಕಿಲ್ಲ ಕಣಯ್ಯಾ!”

ನಿಜವೇ. ಗುಂಡಿ ಒತ್ತಿದರೆ ಡಿವಿಡಿಯ ತಟ್ಟೆ ಸರ್ರನೆ ಹೊರಗೆ ಬರುತ್ತಿತ್ತು, ಒತ್ತಿದರೆ ಒಳಗೆ ಹೋಗುತ್ತಿತ್ತು. ಪರದೆಯ ಮೇಲೆ ಮಾತ್ರ ವಿಡಿಯೋ ಇಲ್ಲ. ಮೇವು ಬದಲಿಸಿದರೆ ತಿಂದೀತೇನೋ ಎಂದು ಭಜನೆಯ ಸಿ.ಡಿ. ಕೊಟ್ಟು ನೋಡಿದ್ದರು. ರೇಷ್ಮೆ ಸಾಕಣೆಯ ಸಿ.ಡಿ.ಯನ್ನೂ ಕೊಟ್ಟಿದ್ದರು. ಪಕ್ಕೆ ತಟ್ಟಿದ್ದರು. ಮಗ್ಗುಲಾಗಿ ಮಲಗಿಸಿ ಎಬ್ಬಿಸಿದ್ದರು. ದನಕ್ಕೆ ಔಷಧಿ ಹುಯ್ಯುವ ಬಿದಿರಿನ ಗೊಟ್ಟ ಹಿಡಿದು ಕಷಾಯ ಕುಡಿಸಿರಲಿಲ್ಲ, ಅದೇ ಪುಣ್ಯ!

ಸೊಸೆ ಬಂದು ಏನೇನೋ ಒತ್ತಿ ನೋಡಿದಳು. ಯಾವ ಯಾವ ಭಾಗ ಕೆಲಸ ಮಾಡುತ್ತಿದೆ ಎಂಬ ಪಟ್ಟಿ ಬಂತು. ಕಂಪ್ಯೂಟರ್ ಆರಿಸಿ, ಮತ್ತೆ ಹಾಕಿ ನೋಡಿದಳು.

“ಮಾವ, ಡಿವಿಡಿ ಡ್ರೈವೇ ಇಲ್ಲ ಅಂತದೆ ಕಂಪ್ಯೂಟರ್.”

“ಇಲ್ಲ ಅಂದ್ರೆ? ಎದುರ್ಗೇ ಬಾಯಿ ತಕ್ಕೊಂಡು ಕೂತದೆ! ಕಣ್ಣು ಕಾಣಾಕಿಲ್ವಾ ಅದ್ಕೆ?”

ಮಧ್ಯಾಹ್ನವಾಯಿತು. ನನಗೆ ಹಸಿವು, ಬೇಸರ. ನಗಿಸಿಯೇ ರೂಢಿಯಾದ ಬಾಯಿ ಬೇರೆ. “ಬಿಡಿ ಭಾವ. ಮೊಬೈಲ್‌ನಲ್ಲಿ ಯಾವ್ದಾದ್ರೂ ಹಾಡು ಹಾಕಿ ಕುಟ್ಟಿದ್ರಾಯ್ತು. ಇವಳು ಪದ ಹೇಳ್ದಿದ್ರೆ ಅರಿಸಿನ ಪುಡಿಯಾಗಲ್ವಾ?” ಎಂದೆ.

ಯಾರೂ ನಗಲಿಲ್ಲ. ನನ್ನಾಕೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಆಡಿದ ಮಾತನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವಂತಿದ್ದರೆ!

“ನೀನು ಸುಮ್ಕೆ ಕೂತ್ಕೊ” ಎಂದರು ಭಾವ. ಅಷ್ಟು ವರ್ಷದಲ್ಲಿ ಅವರು ನನಗೆ ಗದರಿದ್ದು ಅದೊಂದೇ ಸಲ.

ಸೊಸೆ ಕೇಳಿದಳು: “ಮಾವ, ಇದರೊಳಕ್ಕೆ ಯಾರಾದ್ರೂ ಕೈ ಹಾಕಿದ್ರಾ?”

“ಯಾರೂ ಇಲ್ಲ ಕಣವ್ವಾ. ಆಯುಧ ಪೂಜೇಲಿ ನಾನೇ ತಗ್ದು ಒರೆಸಿದ್ದೆ, ಅಷ್ಟೇಯ.”

ಪ್ಲಗ್ಗು ಕಿತ್ತು ಮುಚ್ಚಳ ತೆಗೆದೆವು. ಸ್ವಾಮಿ, ಅದು ಕಂಪ್ಯೂಟರಲ್ಲ, ಮಠ! ಫ್ಯಾನಿಗೆ ಮೂರು ಬೆರಳಿನ ವಿಭೂತಿ. ಡ್ರೈವಿನ ನೆತ್ತಿಗೆ ವಿಭೂತಿ. ಡ್ರೈವಿನಿಂದ ಎರಡು ವೈರು ಬರುತ್ತವೆ: ಒಂದು ಕರೆಂಟು ಕೊಡುವುದು, ಚಪ್ಪಟೆಯಾದ ಇನ್ನೊಂದು ಕಂಪ್ಯೂಟರನ್ನೂ ಡ್ರೈವನ್ನೂ ಮಾತಾಡಿಸುವುದು. ಆ ಚಪ್ಪಟೆ ವೈರನ್ನು ಕಿತ್ತು ನೋಡಿದರೆ ತುದಿಯೊಳಗೆಲ್ಲ ವಿಭೂತಿ ಒಣಗಿ ಗಾರೆಯಂತೆ ಕೂತಿದೆ!

“ತುದಿಗೂ ಹಚ್ಚಿದ್ರಾ ಮಾವ?”

“ಎಲ್ಲಾರ್ಗೂ ಅಚ್ಚಿ ಅದನ್ನೊಂದ ಬುಟ್ರೆ ಭೇದ ಆಗಾಕಿಲ್ವಾ?”

“ಮತ್ತೆ ಕರೆಂಟಿನ ವೈರಿಗೆ ಹಚ್ಚಿಲ್ವಲ್ಲ?”

ಭಾವ ಸ್ವಲ್ಪ ನಾಚಿದರು. “ಅದು ಕೊಂಬಲ್ಲಿ ಆಯುತ್ತೇನೋ ಅಂತ ಎದ್ರಿಕೆ ಆಯ್ತು.”

ಅದಕ್ಕೇ ಬಾಯಿ ತೆರೆಯುತ್ತಿತ್ತು, ಮಾತಾಡುತ್ತಿರಲಿಲ್ಲ!

ಸೊಸೆ ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಕೆರೆದು ತೆಗೆದಳು. ಆಮೇಲೂ ವೈರು ಕಚ್ಚಲಿಲ್ಲ. ಪುನಃ ಕಿತ್ತು, ಊದಿ, ಒತ್ತಿ ಸಿಕ್ಕಿಸಿ, ಪ್ಲಗ್ಗು ಹಾಕಿದಳು. ಡಬ್ಬದೊಳಗೆ ಗುರ್ರ್ ಎಂದಿತು. ಪರದೆ ಬೆಳಗಿತು.

ಒರಳು, ಒನಕೆ, ಸುತ್ತ ಹೆಂಗಸರು, ನಡುವೆ ನನ್ನಾಕೆ. ಎರಡು ಬೀದಿಗೆ ಕೇಳುವಂಥ ದನಿ. ಆ ದನಿ ಹೇಗಿತ್ತೆಂದು ನಾನೇ ಮರೆತುಬಿಟ್ಟಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅವಳು ಅಳುತ್ತಾಳೆಂದು ನಾನು ಟವಲು ಹುಡುಕಿದೆ. ಅವಳು ಅಳಲಿಲ್ಲ. ಹುಬ್ಬು ಗಂಟಿಕ್ಕಿ ಕೇಳುತ್ತಿದ್ದವಳು ಕೈ ಬೀಸಿದಳು.

“ನಿಲ್ಸು, ನಿಲ್ಸು. ಅಲ್ಲೊಂದು ಸಾಲು ನುಂಗ್ಬುಟ್ಟಿವ್ನಿ. ತವರಿಂದ ಬಳೆ ತರೋ ಸಾಲು ಅಲ್ಲಿ ಬರ್ಬೇಕು. ಬಾ ಇಲ್ಲಿ ಮಗಾ, ಏಳ್ಕೊಡ್ತೀನಿ.”

ಸೊಸೆಯ ಪಕ್ಕಕ್ಕೆ ಸರಿದು, ಒನಕೆಯ ಪೆಟ್ಟಿನ ಹದಕ್ಕೆ ಅವಳ ತೊಡೆಯ ಮೇಲೆ ಕೈ ತಟ್ಟುತ್ತ, ಪಿಸುಮಾತಿನಲ್ಲೇ ಶುರು ಮಾಡಿದಳು. ತಲೆಯ ಮೇಲಿನ ಫ್ಯಾನಿನ ಸದ್ದಿಗೆ ಅದು ಕೇಳುತ್ತಿರಲಿಲ್ಲ. ಭಾವ ಎದ್ದು ಫ್ಯಾನು ಆರಿಸಿದರು. ಅಷ್ಟು ಪಾಡುಪಟ್ಟು ಬದುಕಿಸಿದ ಕಂಪ್ಯೂಟರು ಗುಂಯ್ ಎನ್ನುತ್ತಿತ್ತು. ಅದನ್ನೂ ಆರಿಸಿದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಭಾವ ನನ್ನ ಮಂಡಿಯ ಮೇಲೆ ಕೈಯಿಟ್ಟರು.

“ಉಸ್ರು ಮೆಲ್ಲಗೆ ಬುಡಯ್ಯಾ” ಎಂದರು. “ನನ್ ತಂಗಿ ಪದ ಏಳ್ತಾವ್ಳೆ.”