ಗೋಲಿನ ಮುಂದಿನ ಸಂಡಿಗೆ

ಒಂದೇ ಮೈದಾನದಲ್ಲಿ ಎರಡು ಆಟ ಇಟ್ಟರೆ ಮೂರನೆಯ ಆಟವೊಂದು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ನಮ್ಮ ಲಕ್ಷ್ಮೇಶ್ವರದಲ್ಲಿ ಅದು ವಾರಕ್ಕೊಮ್ಮೆಯಾದರೂ ಹುಟ್ಟುತ್ತಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿನ ಮಾತು. ಊರಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬು, ಒಂದು ಕಬಡ್ಡಿ ಕ್ಲಬ್ಬು, ಎರಡಕ್ಕೂ ಸೇರಿ ಮೈದಾನ ಒಂದೇ. ನಾನು ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ಆಟ ಬರದವನನ್ನು ಎಲ್ಲಾದರೂ ಇಡಬೇಕಲ್ಲ, ಅಲ್ಲಿಟ್ಟಿದ್ದರು. ಮುಂದೆ ಹೇಳುವುದರಲ್ಲಿ ಅರ್ಧ ಖರೆ. ಉಳಿದರ್ಧ ನಾನೇ ಕಣ್ಣಾರೆ ಕಂಡದ್ದು.

೧. ಆಯಿಯ ಪಾಲು

ಮೈದಾನ ಯಾರೊಬ್ಬರದೂ ಅಲ್ಲ, ಇಡೀ ಊರಿನದು. ಜಾಲಿಕಂಟಿ ಬೆಳೆದು ಬಿದ್ದಿದ್ದ ಜಾಗವನ್ನು ಮನೆಗೊಬ್ಬರಂತೆ ಬಂದು ಕಡಿದು, ಕಲ್ಲು ಹೊತ್ತು ಹಸನು ಮಾಡಿದ್ದರು. ಐವರು ಹಿರಿಯರು ಅದರ ಪಂಚರು. ತೊಂದರೆ ಏನೆಂದರೆ, ಯಾರು ಎಲ್ಲಿ ಕಲ್ಲು ಆರಿಸಿದ್ದರೋ ಅದು ತಮ್ಮ ಪಾಲು ಎಂದು ಒಬ್ಬೊಬ್ಬರೂ ತಿಳಿದುಬಿಟ್ಟಿದ್ದರು.

ಪಕ್ಕದ ಓಣಿಯಲ್ಲಿ ಒಬ್ಬ ಮುದುಕಿ. ಊರಿಗೆಲ್ಲ ಆಕೆ ಆಯಿ. ಆಕೆ ಕಲ್ಲು ಆರಿಸಿದ್ದು ಮೂಡಣ ದಿಕ್ಕಿನ ಗೋಲ್ ಕಂಬಗಳ ಮುಂದೆ. ಬೇಸಿಗೆ ಬಂತೆಂದರೆ ಸರಿಯಾಗಿ ಅಲ್ಲಿಯೇ ಹಳೇ ಧೋತರ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು.

ನಮ್ಮ ಕ್ಯಾಪ್ಟನ್ ಕೈ ಮುಗಿದ. "ಆಯಿ, ಸ್ವಲ್ಪ ಆಚಿಕಡೆ ಹಾಕ್ಕೊಳ್ರಿ. ಇದು ಗೋಲ್ ಐತ್ರಿ."

"ನಿನ್ನ ಗೋಲ್ ಆಚಿಕಡೆ ಹಾಕ್ಕೋ. ನಾ ಇಲ್ಲಿ ಕಲ್ಲು ಹೊರುವಾಗ ನೀ ತೊಟ್ಟಿಲದಾಗ ಅಳಕೋತ ಬಿದ್ದಿದ್ದಿ."

ಕಂಬ ಕದಲಲಿಲ್ಲ, ಸಂಡಿಗೆಯೂ ಕದಲಲಿಲ್ಲ. ಚೆಂಡು ಧೋತರದ ಮೇಲೆ ಬಿದ್ದರೆ ಆಯಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆಯುವಳು. ಅಲ್ಲಿಗೆ ಆ ದಿನದ ಆಟ ಮುಗಿಯಿತು.

ಹೀಗಾಗಿ ನಾನೊಂದು ಕಾಯ್ದೆ ಮಾಡಿದೆ: ಸಂಡಿಗೆ ಇರುವಷ್ಟು ಹೊತ್ತು ಆ ಗೋಲಿಗೆ ಯಾರೂ ಹೊಡೆಯುವಂತಿಲ್ಲ. ಶಿರಹಟ್ಟಿಯ ತಂಡ ಬಂದಾಗ ಬಹಳ ಮರ್ಯಾದೆಯಿಂದ ಹೇಳಿದೆ, "ನೀವು ಬೀಗರಿದ್ದಂಗ. ಬಿಸಿಲು ಬೆನ್ನಿಗೆ ಬೀಳೋ ಪಡುವಣ ಕಡೆ ನೀವ ತಗೋರಿ. ನಾವು ಈ ಸಂಡಿಗಿ ಗೋಲ್‌ನಾಗ ಹೆಂಗೋ ಸುಧಾರಿಸ್ಕೊಂತೀವಿ." ಪಾಪ, ಬಹಳ ಸಂತೋಷಪಟ್ಟರು. ಅರ್ಧ ಆಟ ಮುಗಿದು ಕಡೆ ಬದಲಾಯಿಸುವ ಹೊತ್ತಿಗೆ ಸರಿಯಾಗಿ ನಾನು ಓಡಿಹೋಗಿ "ಆಯಿ, ಮೋಡ ಆಗೇತಿ, ಜಲ್ದಿ ತಗೀರಿ!" ಎನ್ನುತ್ತಿದ್ದೆ. ಆ ಬೇಸಿಗೆಯಲ್ಲಿ ನಾವು ಒಂದೂ ಆಟ ಸೋಲಲಿಲ್ಲ. ಒಂದು ಹನಿ ಮಳೆಯೂ ಬೀಳಲಿಲ್ಲ.

೨. ಎರಡು ಬಣ್ಣದ ಗೆರೆ

ಮೈದಾನ ಒಂದು ದಿನ ನಮಗೆ, ಒಂದು ದಿನ ಕಬಡ್ಡಿಗೆ. ನಮ್ಮ ಗೆರೆ ಸುಣ್ಣದ್ದು, ಅವರದು ಬೂದಿಯದು. ಕಬಡ್ಡಿ ಕ್ಲಬ್ಬಿನ ಮುಖ್ಯಸ್ಥ ಒಬ್ಬ ಪೈಲ್ವಾನ. ಅವನ ಮೀಸೆಗೂ ನಮ್ಮ ಕ್ಲಬ್ಬಿಗೂ ಮೊದಲಿನಿಂದ ಆಗಿಬರುತ್ತಿರಲಿಲ್ಲ.

ಯಳವತ್ತಿಯವರೊಂದಿಗೆ ಕಬಡ್ಡಿ ಇದ್ದ ದಿನ ಯಾರೋ ಪುಣ್ಯಾತ್ಮರು ನಡುಗೆರೆಗೆ ಒಂದು ಮೊಳ ಮೊದಲೇ ಸುಣ್ಣದ ಚಂದನೆಯ ಗೆರೆಯೊಂದನ್ನು ಎಳೆದುಬಿಟ್ಟಿದ್ದರು. ಪೈಲ್ವಾನ ಎದುರಾಳಿಯ ಅಂಕಣಕ್ಕೆ ನುಗ್ಗಿ, ಮೂವರನ್ನು ಮುಟ್ಟಿ, ಹುಲಿಯ ಹಾಗೆ ಹಿಂದಕ್ಕೆ ಹಾರಿ ಬಿಳಿಗೆರೆ ಮುಟ್ಟಿದ. ಎದ್ದು ನಿಂತು, ಉಸಿರು ಬಿಟ್ಟು, ಮೀಸೆ ತಿರುವಿದ. ಏಳೂ ಜನ ಬಂದು ಅವನನ್ನು ಕೆಡವಿ ಮೇಲೆ ಕೂತರು.

"ಬಿಡ್ರಲೇ, ನಾ ಗೆರಿ ಮುಟ್ಟೀನಿ!"

"ಮುಟ್ಟಿದ್ದು ಖರೆ ಐತಿ ಪೈಲ್ವಾನರ," ಎಂದು ಎದೆಯ ಮೇಲೆ ಕೂತವನೇ ಸಮಾಧಾನ ಹೇಳಿದ, "ಆದ್ರ ಅದು ಫುಟ್‌ಬಾಲಿನವರದು."

ಜಗಳ ಪಂಚರ ಕಟ್ಟೆಗೆ ಹೋಯಿತು. ಹಿರಿಯ ಪಂಚರು ನನ್ನನ್ನೇ ಯಾಕೆ ಕರೆಸಿದರೋ ಇಂದಿಗೂ ತಿಳಿಯದು.

"ಗೆರಿ ಯಾರು ಹಾಕಿದ್ರು?"

"ನನಗೇನು ಗೊತ್ತರೀ ಅಜ್ಜಾರ."

"ಕೈ ಮುಂದ ತಾ. ಇದೇನು ಸುಣ್ಣ?"

"ಎಲಿ ಅಡಿಕಿ ಹಾಕ್ಕೊಂಡಿದ್ದೆರಿ."

"ಮೊಣಕೈ ತನಕಾ?"

೩. ಖಾರದ ಆಟ

ಮೊಣಕೈ ನೋಡಿದ ಮೇಲೆ ಪಂಚರು ಎರಡೂ ಕ್ಲಬ್ಬಿಗೆ ಖಡಕ್ಕಾಗಿ ಹೇಳಿದರು. ಮೆಣಸಿನಕಾಯಿ ಸಾವಕಾರ ಒಬ್ಬ ಸುಗ್ಗಿಯಲ್ಲಿ ಕೆಲವು ವಾರ ಮೈದಾನದಲ್ಲಿ ಕಾಯಿ ಒಣಗಿಸುತ್ತಿದ್ದ. ವರ್ಷಪೂರ್ತಿ ಜಾಗ ತನಗೇ ಕೊಡಿ ಎಂದು ಪಂಚರ ಬೆನ್ನು ಬಿದ್ದಿದ್ದ. "ಇನ್ನ ನಿಮ್ಮ ಜಗಳ ಕಟ್ಟಿ ಹತ್ತಿದ್ರ ಮೈದಾನ ಸಾವಕಾರಗ ಹೋತು, ತಿಳಕೋರಿ!"

ಆ ವರ್ಷ ಸಾವಕಾರ ಕಾಯಿ ಎತ್ತಿದ ಮರುದಿನವೇ ಮುಂಡರಗಿಯವರು ಕಬಡ್ಡಿಗೆ ಬಂದರು. ಕಾಯಿ ಹೋಗಿತ್ತು, ಖಾರ ಹೋಗಿರಲಿಲ್ಲ. ಹದಿನಾಲ್ಕು ಜನ ಕುಣಿದದ್ದೇ ತಡ, ಮಣ್ಣಿನೊಂದಿಗೆ ಘಾಟು ಎದ್ದಿತು. ಮುಂಡರಗಿಯವ ದಾಳಿಗೆ ಬಂದ: "ಕಬಡ್ಡಿ, ಕಬಡ್ಡಿ, ಕಬ... ಆಕ್ಷೀ!" ಉಸಿರು ಹೋಯಿತು, ಔಟು. ನಮ್ಮವ ಹೋದ: "ಕಬಡ್... ಆಕ್ಷೀ!" ಅವನೂ ಔಟು. ತೀರ್ಪುಗಾರ ಸೀಟಿ ಬಾಯಲ್ಲಿಟ್ಟುಕೊಂಡೇ ಸೀನಿದ. ಆ ಸೀಟಿಗೆ ಎಲ್ಲರೂ ಆಟ ಮುಗಿಯಿತೆಂದು ಹೊರಡುವವರಿದ್ದರು.

ಆಗ ಎದ್ದರು ನೋಡಿ, ನಮ್ಮೂರವರಿಗೆ ಕಬಡ್ಡಿ ಕಲಿಸುವ ಮಾಸ್ತರು. ವಯಸ್ಸು ಐವತ್ತರ ಮೇಲೆ, ಹೊಟ್ಟೆ ಅದಕ್ಕಿಂತ ಮುಂದೆ. ಹಲ್ಲು ಬಂದಾಗಿನಿಂದ ತಪಕೀರು ಏರಿಸಿದ ಮೂಗು ಅದು. ನಶ್ಯಕ್ಕೇ ಜಗ್ಗದ್ದು ಖಾರಕ್ಕೆ ಜಗ್ಗುತ್ತದೆಯೇ? ಧೋತರ ಕಟ್ಟಿ, ಸಂತೆಗೆ ಹೋದವರ ಹಾಗೆ ನಿಧಾನವಾಗಿ ಹೋಗಿ, ಕಣ್ಣು ಒರೆಸಿಕೊಳ್ಳುತ್ತಿದ್ದ ಎಲ್ಲರನ್ನೂ ಒಬ್ಬೊಬ್ಬರಾಗಿ ಮುಟ್ಟಿ ಮರಳಿದರು. ಒಬ್ಬನಂತೂ "ಯಾರದು?" ಎಂದು ಕೇಳಿದ. "ನಾನ್ರೀ, ಮಾಸ್ತರ" ಎಂದು ಹೇಳಲು ಅವರಿಗೆ ಉಸಿರು ಬಿಡುವಂತಿರಲಿಲ್ಲ.

ಗೆದ್ದರೂ ಪೈಲ್ವಾನನ ಕಣ್ಣು ಕೆಂಡವಾಗಿತ್ತು. "ಮಣ್ಣಿಗೆ ಖಾರ ಕಲಸಿದಾವ ಈ ಸೆಕ್ರೆಟರಿನ!" ಎಂದು ಕಟ್ಟೆ ಹತ್ತಿದ. ನಾನಲ್ಲ ಎಂದು ನಾನು ಖರೆ ಹೇಳಿದ್ದು ಅದೇ ಮೊದಲ ಸಲ. ಒಬ್ಬರೂ ನಂಬಲಿಲ್ಲ.

೪. ಮೂರನೆಯ ಆಟ

ಮೈದಾನ ಹೋಯಿತೆಂದೇ ಎಲ್ಲರೂ ತಿಳಿದರು. ದೂರು ಕೊಟ್ಟ ಪೈಲ್ವಾನನೂ ಹಾಗೆಯೇ ತಿಳಿದ. ಇಬ್ಬರೂ ಕೂಡಿಯೇ ಹಿರಿಯ ಪಂಚರ ಕಾಲು ಹಿಡಿದೆವು. ಅವರು ಕಡೆಯದೊಂದು ಅವಕಾಶ ಕೊಟ್ಟರು. "ಬ್ಯಾಸಗ್ಯಾಗ ಗದಗಿನ ಫುಟ್‌ಬಾಲಿನವರು ಬರತಾರ. ಎರಡೂ ಕ್ಲಬ್ ಕೂಡಿ ಒಂದ ತಂಡ ಕಟ್ರಿ. ಸೋಲ್ರಿ, ಗೆಲ್ರಿ, ನಮಗದು ಬ್ಯಾಡ. ಆಟ ಮುಗಿಯೂತನಕ ನಿಮ್ಮ ನಿಮ್ಮೊಳಗ ಜಗಳ ಆಗಬಾರದು. ಆತಂದ್ರ ಮೆಣಸಿನಕಾಯಿ."

ಆಟದ ದಿನ ಸಾವಕಾರ ಜಾಗ ಅಳೆಯುವ ಹಗ್ಗದೊಂದಿಗೇ ಬಂದು ಕೂತ.

ನಾನು ಕಬಡ್ಡಿಯವರಿಗೆ ಪಾಠ ಹೇಳಿದೆ. "ಚೆಂಡಿಗೆ ಕೈ ಹಚ್ಚಬಾರದು."

ಪೈಲ್ವಾನ ತಲೆದೂಗಿದ. "ಚೆಂಡಿಗಿ ಹಚ್ಚಂಗಿಲ್ಲ. ಮಂದಿಗಿ ಹಚ್ಚಾಕ ಅಡ್ಡಿ ಇಲ್ಲಲ್ಲ?"

ಅವಸರದಲ್ಲಿದ್ದೆ. "ಇಲ್ಲ, ಇಲ್ಲ" ಎಂದೆ.

ಮೊದಲರ್ಧ ಸಂಡಿಗೆ ಕಾಯ್ದೆಯ ಪುಣ್ಯದಿಂದ ಗೋಲಿಲ್ಲದೆ ಕಳೆಯಿತು. ಬಿಡುವಿನಲ್ಲಿ ಪೈಲ್ವಾನನೂ ನಮ್ಮ ಕ್ಯಾಪ್ಟನ್ನೂ ಒಬ್ಬರನ್ನೊಬ್ಬರು ಗುರಾಯಿಸತೊಡಗಿದರು. ಜಗಳ ಹತ್ತೀತೆಂದು ನಾನು ನಡುವೆ ಗೋಡೆಯಾಗಿ ನಿಂತೆ. ಆ ಗದ್ದಲದಲ್ಲಿ ಆಯಿಗೆ ಮೋಡದ ಖಬರು ಕೊಡುವುದೇ ಮರೆತುಹೋಯಿತು. ಗದಗಿನವರು ಸಂಡಿಗೆಯ ಗೋಲಿಗೆ ಬಂದರು, ಸಂಡಿಗೆ ಅಲ್ಲಿಯೇ ಇತ್ತು. ನನ್ನ ಕಾಯ್ದೆಯಂತೆ ಈಗ ಗೋಲಿಗೆ ಹೊಡೆಯುವಂತಿಲ್ಲದವರು ನಾವೇ.

ಆಟ ಶುರುವಾಗಿ ಗದಗಿನ ಮುಂಚೂಣಿಯವ ಚೆಂಡು ತಳ್ಳುತ್ತ ನಮ್ಮ ಕಡೆ ನುಗ್ಗಿದ. ಪೈಲ್ವಾನನ ನಾಲ್ವರು ಕೈ ಕೈ ಹಿಡಿದು ಸರಪಳಿ ಮಾಡಿ ಸುತ್ತುಗಟ್ಟಿದರು. ಒಬ್ಬ ಕಾಲು ಹಿಡಿದ, ಒಬ್ಬ ಸೊಂಟ, ಪೈಲ್ವಾನ ಉಳಿದದ್ದೆಲ್ಲ. ಪಾಪ, ಗದಗಿನವನೂ ಸಣ್ಣವನಿದ್ದಾಗ ಕಬಡ್ಡಿ ಆಡಿದವನೇ ಇರಬೇಕು. ರಾಶಿಯ ಅಡಿಯಿಂದ "ಕಬಡ್ಡಿ, ಕಬಡ್ಡಿ, ಕಬಡ್ಡಿ" ಎನ್ನುತ್ತ ನಡುಗೆರೆಯತ್ತ ಕೈ ಚಾಚಿ ತೆವಳತೊಡಗಿದ. ಊರ ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಗದಗಿನ ಗೋಲ್‌ಕೀಪರ್ ಕೂಡ ಗೋಲು ಬಿಟ್ಟು ನೋಡಲು ಓಡಿಬಂದ.

ರೆಫ್ರಿ ಮಿಲಿಟರಿಯ ಮಾಜಿ ಹವಾಲ್ದಾರ. ಸೀಟಿ ಊದುವುದು ಬಿಟ್ಟು ಕಣ್ಣಲ್ಲಿ ನೀರು ತಂದುಕೊಂಡ. "ಇದು ಫುಟ್‌ಬಾಲ್ ಅಲ್ರೋ, ರಗ್ಬಿ! ಪಲ್ಟನ್‌ನಾಗ ದೊಡ್ಡ ಸಾಹೇಬರು ಆಡತಿದ್ರು. ತತ್ತಿಯಂಥಾ ಚೆಂಡು ಬೇಕಾಕ್ಕೈತಿ."

"ನಮಗ ಚೆಂಡ ಇರಲಿಕ್ಕಂದ್ರೂ ನಡಿತೈತ್ರಿ," ಎಂದ ಪೈಲ್ವಾನ ರಾಶಿಯ ಮೇಲಿಂದ.

ಚೆಂಡಿನ ನೆನಪಿದ್ದವನು ನಮ್ಮ ಕ್ಯಾಪ್ಟನ್ ಒಬ್ಬನೇ. ಬೀಸಿ ಒದ್ದ. ಚೆಂಡು ಆಕಾಶಕ್ಕೆ ಹೋಗಿ ನೆಟ್ಟಗೆ ಸಂಡಿಗೆಯ ಮೇಲೆ ಇಳಿಯಿತು.

"ಎಲ್ಲಾ ಪುಡಿ ಮಾಡಿದ್ರಲ್ಲೋ, ನಿಮ್ಮ ಕಾಲು ಸೇದಿಹೋಗ!" ಎಂದು ಆಯಿ ಚೆಂಡನ್ನೆತ್ತಿ, ಸಿಟ್ಟಿನಲ್ಲಿ ಹಿಂದಕ್ಕೆ ಒಗೆದಳು. ಹಿಂದೆ ಗೋಲು. ಗೋಲಲ್ಲಿ ಯಾರೂ ಇಲ್ಲ. ಮಂದಿ ಹೋ ಎಂದ ಕೂಡಲೇ ಹವಾಲ್ದಾರ ರೂಢಿಯಂತೆ ಸೀಟಿ ಊದಿಬಿಟ್ಟ.

"ಆ ಮುದುಕಿ ಆಟದಾಗ ಇಲ್ಲ! ಅದೂ ಕೈಲೆ ಒಗದಾಳ!" ಗದಗಿನವರು ಮೇಲೆ ಬಿದ್ದರು.

ಕ್ಯಾಪ್ಟನ್ನೂ ಪೈಲ್ವಾನನೂ ಹೆಗಲಿಗೆ ಹೆಗಲು ಕೊಟ್ಟು ನಿಂತರು. "ಏ, ಮುದುಕಿ ಗಿದುಕಿ ಅಂದ್ರ ನೋಡು! ಆಯಿ ನಮ್ಮ ಟೀಮಿನಾಕಿ!" ಎಂದ ಪೈಲ್ವಾನ.

"ಆಕಿ ಒಗದದ್ದು ಆಕಿ ಪಾಲಿನಾಗ ನಿಂತು. ಕೇಳಾಕ ನೀವ್ಯಾರು?" ಎಂದ ಕ್ಯಾಪ್ಟನ್.

ಸಾವಕಾರ ಹಗ್ಗ ಬಿಚ್ಚಿದ. "ನೋಡ್ರಿ ಅಜ್ಜಾರ, ಜಗಳ ಆತು!"

ಹಿರಿಯ ಪಂಚರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಇದು ಹೊರಗಿನವರ ಜೋಡಿ ಆದ ಜಗಳ. ನಮ್ಮವರು ಒಂದ ಕಡೆ ನಿಂತಾರ. ಇಷ್ಟು ವರ್ಷಕ್ಕ ಮೊದಲನೇ ಸಲ. ಹಗ್ಗ ಸುತ್ತಿಡೋ ತಮ್ಮಾ."

ಮೈದಾನ ಉಳಿಯಿತು. ಆಟವನ್ನೂ ನಾವೇ ಗೆದ್ದೆವು. ಬೇಕಾದರೆ ನನ್ನನ್ನು ಕೇಳಿ, ಗದಗಿನವರನ್ನು ಕೇಳಬೇಡಿ.

ಸಾವಕಾರ ಜೋಲು ಮುಖ ಹಾಕಿಕೊಂಡು ಆಯಿಯ ಹತ್ತಿರ ಹೋದ. "ಯಮ್ಮಾ, ಸುಗ್ಗಿ ಮುಗದ ಮ್ಯಾಲೂ ಒಂದೀಟು ಕಾಯಿ ಉಳಿತಾವ. ನಿನ್ನ ಪಾಲಿನಾಗರ ಜಾಗ ಕೊಡು."

ಆಯಿ ಪುಡಿಯಾದ ಸಂಡಿಗೆ ಆರಿಸುತ್ತಲೇ ಹೇಳಿದಳು, "ಹಾಕ್ಕೋಪಾ, ಯಾರು ಬ್ಯಾಡಂದ್ರು? ಆದ್ರ ಚೆಂಡು ಬಂದ್ರ ಇನ್ನ ಮ್ಯಾಲ ಗೋಲ್ ನೀನ ಹೊಡೀಬೇಕು. ನನಗ ರಟ್ಟಿ ನೋವು."