ಮೊದಲ ಸಂಡಾಸ ತೋರಸ್ರಿ

ನಮ್ಮ ಸೋದರಮಾವನಿಗೆ ಕೊಪ್ಪಳ ಜಿಲ್ಲೆಯ ಭೂಗೋಳ ಮೂತ್ರಾಲಯಗಳ ಮೂಲಕ ಮಾತ್ರ ಗೊತ್ತು. ಇದು ಆರೋಪವಲ್ಲ, ವರದಿ. ಗಂಗಾವತಿ ಎಂದರೆ ನಿಮಗೆ ಭತ್ತದ ಗದ್ದೆ ನೆನಪಾಗಬಹುದು, ಮಾಮಾನಿಗೆ ನೆನಪಾಗುವುದು ಯಾವುದೋ ಹೋಟೆಲಿನ ಹಿಂದಿನ ನೀಲಿ ಬಾಗಿಲು: “ಚಿಲಕ ಐತಿ, ನೀರ ಐತಿ, ಬೆಳಕ ಇಲ್ಲ.” ಕುಷ್ಟಗಿ ಎಷ್ಟು ಕಿಲೋಮೀಟರ್ ಎಂದು ಕೇಳಿ, ಗೊತ್ತಿಲ್ಲ. ದಾರಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಕಡೆ ಇಳಿಯಬಹುದು ಎಂದು ಕೇಳಿ, ಬೆರಳು ಮಡಚಿ ಹೇಳುತ್ತಾರೆ! ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅಷ್ಟು ವರ್ಷ ಟಿಕೆಟ್ ಹರಿದು ಮನುಷ್ಯ ಗಳಿಸಿದ ವಿದ್ಯೆ ಇದೊಂದೇ.

ಈ ಹುಚ್ಚು ಮೊದಲೇ ಇತ್ತು. ಅದು ಮನೆಯ ಕಾನೂನಾದದ್ದು ನನ್ನ ತಂಗಿಯ ಕಾಯಿಲೆಯ ನಂತರ. ಓದುವಾಗ ಅವಳಿದ್ದದ್ದು ಬಾಡಿಗೆ ಕೋಣೆಯಲ್ಲಿ. ಸಂಡಾಸು ಹಿತ್ತಿಲಿನ ಆಚೆ. ಅಷ್ಟು ದೂರ ಹೋಗುವುದೇಕೆಂದು ನೀರು ಕುಡಿಯುವುದನ್ನೇ ಬಿಟ್ಟಳು, ಬಂದದ್ದನ್ನು ತಡೆದಳು. ಎರಡು ಸಲ ಚಳಿಜ್ವರ, ಬೆನ್ನುನೋವು, ಆಸ್ಪತ್ರೆ. “ಸೋಂಕು ಕಿಡ್ನಿವರೆಗೆ ಹೋಗಿದೆ. ನೀರು ಕುಡಿಯಬೇಕು, ತಡೆಯಬಾರದು. ಮತ್ತೆ ಮತ್ತೆ ಹೀಗಾದರೆ ಕಿಡ್ನಿಗೆ ಕಾಯಂ ಪೆಟ್ಟು,” ಎಂದರು ವೈದ್ಯರು. ನಾವೆಲ್ಲ ತಲೆಯಾಡಿಸಿ ಮರೆತೆವು. ಮಾಮಾ ಮರೆಯಲಿಲ್ಲ. ಮರೆತಿದ್ದರೆ ಎಷ್ಟು ಮರ್ಯಾದೆ ಉಳಿಯುತ್ತಿತ್ತು!

ಅಂದಿನಿಂದ ಅವರು ಬಂದರೆ “ಊಟ ಆತೇನು?” ಎಂಬ ಮಾತಿಲ್ಲ. ಚಪ್ಪಲಿ ಬಿಡುತ್ತಲೇ ಪಡಸಾಲೆಯಿಂದ ಕೂಗು:

“ಯವ್ವಾ, ಇವತ್ತ ಯಾವ ಬಣ್ಣ?”

“ಹಳದಿ ಮಾಮಾ,” ಎನ್ನುತ್ತಾಳೆ ತಂಗಿ, ತಲೆ ತಗ್ಗಿಸಿ.

“ಎಂಥಾ ಹಳದಿ? ಲಿಂಬಿ ಶರಬತ್ತಿನಂಗೋ, ಅರಿಷಿಣದಂಗೋ?”

ಒಮ್ಮೆ ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಎದುರುಮನೆಯಾಕೆ ಇದು ಸೀರೆಯ ಮಾತೆಂದು ತಿಳಿದು, “ಲಿಂಬಿ ಬಣ್ಣ ಆಕಿಗೆ ಭಾಳ ಒಪ್ಪತೈತ್ರಿ,” ಎಂದುಬಿಟ್ಟರು. “ಹೌದ್ರಿ, ನಾನೂ ಅದನ್ನ ಹೇಳಾಕತ್ತೀನಿ,” ಎಂದರು ಮಾಮಾ.

ಅವ್ವನನ್ನಾದರೂ ಬಿಟ್ಟರೇ? ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಗಳನ್ನು ಅವಳು ಶೇಂಗಾ ಚಟ್ನಿಯ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಪತ್ತೆಯಾಯಿತು.

“ಯಕ್ಕಾ, ಇವನ್ನ ಡಾಕ್ಟರ್ ಬರದ ಕೊಟ್ಟಾರೇನು?”

“ಮೊಣಕಾಲ ನಂದು, ಗುಳಿಗಿ ನಂದು. ನಿಂದೇನಲೇ ತಮ್ಮಾ?”

“ಕಿಡ್ನಿನೂ ನಿಂದ ಐತಿ. ದಿನಾ ಗುಳಿಗಿ ನುಂಗಿದ್ರ ಅದು ಸುಮ್ನ ಇರತೈತೇನು?”

ಗುಳಿಗೆ ಜಪ್ತಿಯಾಯಿತು. ಉಪ್ಪು ಹೆಚ್ಚೆಂದು ಅದರ ಜೊತೆ ಹಪ್ಪಳ, ಉಪ್ಪಿನಕಾಯಿಗಳೂ ಹೋದವು. ಎಲ್ಲಿಗೆ ಹೋದವು? ಅದೇ ಸಂಜೆ ಕಟ್ಟೆಯ ಮೇಲೆ ಕೂತು ಮಾಮಾ ಮಂಡಕ್ಕಿಗೆ ಉಪ್ಪಿನಕಾಯಿ ಕಲಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವಳು, ಎರಡೂ ಕಡೆಯ ಹೇಳಿಕೆ ಪಡೆಯಬೇಕಲ್ಲ, ಕೇಳಿದೆ. “ಮನ್ಯಾಗ ಇಟ್ರ ನಿಮ್ಮವ್ವ ತಿಂತಾಳ,” ಎಂದರು. ಎಂಥ ತ್ಯಾಗ!

ಇಂಥವರನ್ನು ಕರೆದುಕೊಂಡು ತಂಗಿಗೆ ವರ ನೋಡಲು ಹೋಗಬೇಕಾಯಿತು. ಸೋದರಮಾವ ಇಲ್ಲದೆ ಮಾತುಕತೆ ನಡೆಯುವುದುಂಟೇ? ಮೊದಲ ಮನೆ ಯಲಬುರ್ಗಾದ ಕಡೆ. ಹುಡುಗನ ಅಪ್ಪ ಮೀಸೆ ತಿರುವಿ, “ಹೊಲ ನೋಡ್ರಿ, ಟ್ರ್ಯಾಕ್ಟರ್ ನೋಡ್ರಿ,” ಎಂದು ಎದ್ದರು.

“ಅವೆಲ್ಲಾ ಆಮ್ಯಾಲ ನೋಡೋಣ್ರಿ. ಮೊದಲ ಸಂಡಾಸ ತೋರಸ್ರಿ.”

ಅವಸರವಾಗಿರಬೇಕೆಂದು ಅವರು ಗಾಬರಿಯಿಂದ ಹಿತ್ತಿಲಿಗೆ ಓಡಿದರು. ಹಿಂದೆ ನಾವು. ಬಾಗಿಲು ತೆಗೆದರೆ ಒಳಗೆ ಸೂರಿನವರೆಗೆ ಶೇಂಗಾ ಚೀಲ!

“ಇವನ್ನ ಮತ್ತೆಲ್ಲಿ ಇಡಬೇಕ್ರಿ? ನಾವು ಬಯಲಿಗೆ ಹೋಗಿ ರೂಢಿ ಆದವ್ರು,” ಎಂದರು ಆ ಅಪ್ಪ.

“ಶೇಂಗಾಕ್ಕ ಜಾಗ ಆತು. ನಮ್ಮ ಹುಡುಗಿ ಎಲ್ಲಿಗೆ ಹೋಗಬೇಕ್ರಿ?”

ಸಂಬಂಧ ಅಲ್ಲಿಗೇ ಮುಗಿಯಿತು. ಚಹಾ ಕೂಡ ಬರಲಿಲ್ಲ. ಎರಡನೆಯ ಮನೆ ಕುಷ್ಟಗಿಯದು. ಅಲ್ಲಿ ಮಾಮಾ ಒಳಗೆ ಹೋಗಿ ಹತ್ತು ನಿಮಿಷ ಹೊರಬರಲಿಲ್ಲ. ಚಿಲಕ ಎಳೆದ ಸದ್ದು, ನಳ ತಿರುವಿದ ಸದ್ದು, ಬಕೆಟ್ ಸುರುವಿದ ಸದ್ದು. ಹೊರಗೆ ಎರಡೂ ಕಡೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಕೊನೆಗೆ ಮಾಮಾ ಕೈ ಒರೆಸಿಕೊಳ್ಳುತ್ತ ಬಂದು, “ಹುಡುಗ ಛಲೋ ಅದಾನ, ಮುಂದಿನ ಮಾತ ಆಡ್ರಿ,” ಎಂದು ಘೋಷಿಸಿದರು. ಹುಡುಗ ಇನ್ನೂ ಕೆಲಸದಿಂದ ಮನೆಗೇ ಬಂದಿರಲಿಲ್ಲ!

ಆ ಹುಡುಗನೊಂದಿಗೇ ಮದುವೆ, ಹುಲಿಗಿಯ ಹತ್ತಿರದ ಒಂದು ಮಂಟಪದಲ್ಲಿ. ಹಿಂದಿನ ದಿನವೇ ಮಾಮಾನಿಂದ ಆಣೆ ಹಾಕಿಸಿಕೊಂಡಿದ್ದೆ: ಬೀಗರ ಮುಂದೆ ಬಣ್ಣ, ಕಿಡ್ನಿ, ಸಂಡಾಸು ಎಂಬ ಶಬ್ದಗಳು ಬಾಯಿಂದ ಬರಕೂಡದು. ಒಪ್ಪಿದ್ದರು. ಮುಂಜಾನೆಯಿಂದ ಮೂಕರಂತೆ ಕೂತಿದ್ದರು. ಆದರೆ ಕಣ್ಣು ತಂಗಿಯ ಮೇಲೇ.

ಅವಳಿಗೆ ಹಿರಿಯ ಹೆಂಗಸರು ನಸುಕಿನಲ್ಲೇ ತಾಕೀತು ಮಾಡಿದ್ದರು: “ನೀರ ಕುಡಿಬ್ಯಾಡವ್ವಾ. ಇಷ್ಟ ದೊಡ್ಡ ಸೀರಿ ಉಟಗೊಂಡು ಹೋಗಾಕ ಆಗಂಗಿಲ್ಲ.” ಅಕ್ಕಿಕಾಳು ಬಿದ್ದವು. ಫೋಟೋಕ್ಕೆ ಸಾಲು ನಿಂತಿತು. ಮಧ್ಯಾಹ್ನ ಮೂರು ದಾಟಿದರೂ ಸಾಲು ಕರಗಲಿಲ್ಲ. ತಂಗಿ ನಗುತ್ತಿದ್ದಳು, ತುಟಿ ಒಣಗಿತ್ತು. ಒಮ್ಮೆ ಸೊಂಟದ ಹಿಂದೆ ಕೈ ಒತ್ತಿಕೊಂಡಳು. ನಾನು ನೋಡಿದೆ. ಇನ್ನು ಅರ್ಧ ಗಂಟೆ, ತಡೆದುಕೊಳ್ಳುತ್ತಾಳೆ ಎಂದುಕೊಂಡೆ.

ಮಾಮಾ ಎದ್ದರು. ವೇದಿಕೆ ಹತ್ತಿದರು. ಹಾಡುವವನ ಕೈಯಿಂದ ಮೈಕ್ ಕಿತ್ತುಕೊಂಡರು.

“ಎಲ್ಲಾರಿಗೂ ಕೈ ಮುಗಿತೀನ್ರಿ. ಫೋಟೋ ಹತ್ತ ನಿಮಿಷ ಬಂದ್. ನಮ್ಮ ಹುಡುಗಿ ಒಂದಕ್ಕ ಹೋಗಬೇಕ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೀಗರು ನೆಲ ನೋಡಿದರು. ನಾನು ಮಾಮಾನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಒಂದೂ ಅಚ್ಚಿಗೆ ಯೋಗ್ಯವಲ್ಲ. ಅಷ್ಟರಲ್ಲಿ ತಂಗಿ ಸೀರೆ ಎತ್ತಿಕೊಂಡು ಕೆಳಗಿಳಿದಳು. ಅವಳ ಅತ್ತೆ ಕುರ್ಚಿ ಸರಿಸಿದರು: “ನಿಲ್ಲವ್ವಾ, ನಾನೂ ಬರ್ತೀನಿ. ಮುಂಜಾನಿಂದ ತಡಕೊಂಡ ಕುಂತೀನಿ.” ಆಮೇಲೆ ಅವರ ಪಕ್ಕದವರು. ಆಮೇಲೆ ನಮ್ಮ ಎದುರುಮನೆಯಾಕೆ. ನೋಡನೋಡುತ್ತಿದ್ದಂತೆ ಹೆಂಗಸರ ಕಡೆಯ ಕುರ್ಚಿಗಳು ಅರ್ಧ ಖಾಲಿ.

ಬೈಯಲೆಂದೇ ಮಾಮಾನ ಹಿಂದೆ ಹೋದೆ. ಮಂಟಪದ ಹಿತ್ತಿಲಲ್ಲಿ ಹೆಂಗಸರಿಗೆಂದು ಇದ್ದದ್ದು ಒಂದೇ ಬಾಗಿಲು, ಅದಕ್ಕೂ ಚಿಲಕ ಇರಲಿಲ್ಲ. ಮಾಮಾ ಅದಕ್ಕೆ ಬೆನ್ನು ಮಾಡಿ, ಗೋಡೆ ನೋಡುತ್ತ ನಿಂತಿದ್ದರು. ಒಂದು ಕೈ ಹಿಂದೆ ಚಾಚಿ ಬಾಗಿಲು ಹಿಡಿದಿದ್ದರು. ಇನ್ನೊಂದರಲ್ಲಿ ತಂಗಿಯ ಹೂಮಾಲೆ, ಕಂಕುಳಲ್ಲಿ ನೀರಿನ ಬಾಟ್ಲಿ. ಒಬ್ಬೊಬ್ಬರೇ ಒಳಹೋಗಿ ಹೊರಬರುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ನಾನು ಮನೆ ಬಿಟ್ಟದ್ದು ಬೆಳಗ್ಗೆ ಐದಕ್ಕೆ. ಸಾಲಿನ ಕೊನೆಗೆ ನಿಂತೆ.

“ಮುಂದ ಯಾರವ್ವಾ?” ಎಂದರು ಮಾಮಾ, ತಿರುಗದೆಯೇ.

“ನಾನ ಮಾಮಾ.”

ಹಿಂದೆ ಚಾಚಿದ ಕೈಯಿಂದಲೇ ಬಾಗಿಲು ತೆಗೆದರು.

“ಹೋಗಿ ಬಾ ಯವ್ವಾ. ಅವಸರ ಮಾಡಬ್ಯಾಡ. ನಾ ಹಿಡದೀನಿ.”