ಒಡೆದ ಹಾಲಿನ ಅಳಿಯ

ಖಾನಾವಳಿ ನಡಿಸೋರ ಮನ್ಯಾಗ ಒಲಿ ಆರಿದ್ರೂ ಆರೀತು, ನಗಿ ಆರಂಗಿಲ್ಲ. ಹೊಟ್ಟಿ ಇದ್ದಲ್ಲಿ ಫಜೀತಿ ಇದ್ದದ್ದ. ಬಳ್ಳಾರಿ ಬ್ರೂಸ್‌ಪೇಟ್ಯಾಗ ನಂದೊಂದು ಖಾನಾವಳಿ ಇತ್ತು. ನಾನು ರೊಟ್ಟಿ ಬಡೀತಿದ್ದೆ, ನಮ್ಮನಿಯವರು ಬಡಸ್ತಿದ್ದರು, ಕುರುಗೋಡಿನ ನಮ್ಮತ್ತಿ ತನ್ನ ಆಡು ಹೊಡಕೊಂಡು ಬಂದು ಹಿತ್ತಲಾಗ ಠಿಕಾಣಿ ಹೂಡಿದ್ದಳು. ನನ್ನ ಜ್ವಾಳದ ರೊಟ್ಟಿ ಉಂಡೋರು ಊರು ಬಿಟ್ಟು ಹೋಗಾಕ ಹಿಂದ ಮುಂದ ನೋಡ್ತಿದ್ದರು. ಜಂಬ ಅಂತೀರಿ? ಅನ್ರಿ. ಜಂಬಾನ ಅದು.

ಸ್ವಾತಂತ್ರ್ಯ ಬಂದ ಹೊಸತು. ಕಾಲುವಿ ಕೆಲಸಕ್ಕ ಅಂತ ಒಬ್ಬ ಓವರ್ಸೀರ್ ಸಾಹೇಬರು ಬಂದು ನಮ್ಮಲ್ಲೇ ಊಟಕ್ಕ ಹತ್ತಿದರು. ಗದಗಿನ ಕಡೆಯವರು, ತಂದಿ ತಾಯಿ ಇಲ್ಲ. ಲಡಾಯಿ ಕಾಲಕ್ಕ ಮಿಲಿಟರಿ ಸೇರಿ ಇಟಲಿ ತನಕ ಹೋಗಿ ಬಂದ ಗಂಡಸು, ಆದ್ರ ಮೈಮ್ಯಾಲ ಅಂಗಿ ಗೂಟಕ್ಕ ಹಾಕಿದಂಗ ಇತ್ತು. ಏನು ತಿಂದರೂ ಹೊಟ್ಟಿ ಉಬ್ಬೋದು, ಕಟ್ಟೋದು, ಕೆಡೋದು. ದವಾಖಾನಿ ಡಾಕ್ಟರು ಎಲ್ಲಾ ನೋಡಿ, ನಿಮಗ ಗೋಧಿ ಆಗಂಗಿಲ್ಲ, ಜೀವ ಇರೋ ತನಕ ಅದನ್ನ ಬಿಡ್ರಿ ಅಂದರಂತ. ಹೊಟ್ಟಿ ಮಾತು ಹೆಂಗರ ಇರ್ಲಿ, ಅವರಿಗೆ ಮದುವಿ ಚಿಂತಿ. ನಮ್ಮ ಕಡೆ ಅಳಿಯ ಅಂದ್ರ ಹೋಳಿಗಿ. ಹೋಳಿಗಿ ಮುಟ್ಟದವನಿಗೆ ಹೆಣ್ಣು ಯಾರು ಕೊಡ್ತಾರ?

ಸಿರುಗುಪ್ಪದ ಉಪಚಾರ

ಮೊದಲನೇ ಹೆಣ್ಣು ನೋಡಾಕ ಅವರು ಸಿರುಗುಪ್ಪಕ್ಕ ಒಬ್ಬರೇ ಹೋದರು. ಫಲಾರಕ್ಕ ಪೂರಿ ಇಟ್ಟರಂತ. ಇವರು ಮೆಲ್ಲಕ, ನನಗ ಗೋಧಿ ನಡೆಯಂಗಿಲ್ರಿ ಅಂದಾರ. ಪಾಪ, ಹುಡುಗಿ ತಾಯಿ ಗಡಿಬಿಡಿಯಿಂದ ಪೂರಿ ತಗದು ಉಪ್ಪಿಟ್ಟು ತಂದಳು. ಅದೂ ಗೋಧಿನ ಅಲ್ಲೇನ್ರಿ ಅಂದ್ರ, ಅಯ್ಯ, ಇದು ರವಾ, ಗೋಧಿ ಎಲ್ಲೈತಿ ಅಂತ ಆಕಿ. ರವಾ ಯಾತರದು ಅಂತ ಇವರು ತಿಳಿಸಿ ಹೇಳೋದ್ರಾಗ ಶಾವಿಗಿ ಪಾಯಸ ಬಂತು. ಅದೂ ಬ್ಯಾಡ ಅಂದಿದ್ದಕ್ಕ, ಜ್ವರ ಬಂದೋರಿಗೆ ಕೊಡೋದು ಅಂತ ಅಂಗಡಿಯಿಂದ ಬ್ರೆಡ್ ತರಿಸಿದರು.

ರೊಟ್ಟಿ ಇದ್ರ ಕೊಡ್ರಿ ಅಂತ ಸಾಹೇಬರು ಬಾಯಿಬಿಟ್ಟು ಕೇಳಿದರಂತ. ಅಲ್ಲಿಗೆ ಕತಿ ಮುಗೀತು. ಹೆಣ್ಣು ನೋಡಾಕ ಬಂದವನಿಗೆ ದಿನಾ ತಿನ್ನೋ ಜ್ವಾಳದ ರೊಟ್ಟಿ ಹಾಕಿದ್ರ ಮನಿ ಮರ್ಯಾದಿ ಏನಾಗಬೇಕು? ಹುಡುಗಿ ತಾಯಿ ಕೈ ತೊಳಕೊಂಡು ಬಂದು ಅಂದಳಂತ: "ಗೋಧಿ ಅಲ್ಲದ್ದು ಅಂದ್ರ ನಮ್ಮನ್ಯಾಗ ನೀರೊಂದ ಐತಿ ನೋಡ್ರಿ. ಕುಡದು ಹೋಗ್ರಿ."

ಕುಡದು ಬಂದರು.

ಹೊಸಾ ಮಡಿ

ನನ್ನ ರೊಟ್ಟಿ ಮ್ಯಾಲ ಇದ್ದರೂ ಅವರ ಹೊಟ್ಟಿನೋವು ಪೂರ್ತಿ ಹೋಗಲಿಲ್ಲ. ನನಗ ಮೈ ಉರೀತು. ನನ್ನ ರೊಟ್ಟಿಯಿಂದ ಹೊಟ್ಟಿನೋವ? ತಪಾಸ ಮಾಡೇಬಿಡೋಣ ಅಂತ ಗಿರಣಿಗೆ ಹೋಗಿ ನಿಂತೆ. ನನ್ನ ಮುಂದಿನಾಕಿ ಗೋಧಿ ಹಾಕಿಸಿಕೊಂಡು ಹೋದಳು, ಗಿರಣಿಯವ ಅದ ಕಲ್ಲಿಗೆ ನನ್ನ ಜ್ವಾಳ ಸುರುವಿದ. ಬುಟ್ಟಿಯೊಳಗ ಮೊದಲು ಬಿದ್ದ ಹಿಟ್ಟೆಲ್ಲಾ ಆಕಿ ಗೋಧಿದ! ಅವನ್ನ ತರಾಟಿಗೆ ತಗೊಂಡೆ. ಅವ ಶಾಂತವಾಗಿ, ಅಕ್ಕಾ, ಈ ಕಲ್ಲಿಗೆ ಜಾತಿ ಕುಲ ಇಲ್ಲ ಅಂದ.

ನಮ್ಮತ್ತಿ ಕೇಳಿದ್ದ ತಡ, ಕುರುಗೋಡಿಂದ ತನ್ನ ಬೀಸುಕಲ್ಲು ಬಂಡಿ ಮ್ಯಾಲ ತರಿಸಿದಳು. ಪಡಸಾಲ್ಯಾಗ ಇಟ್ಟು, ಗೋಧಿ ಮುಟ್ಟಿದ ಕೈಯಿಂದ ಇದನ್ನ ಯಾರೂ ಮುಟ್ಟಬಾರದು ಅಂತ ಓಣಿಗೆಲ್ಲಾ ಕೇಳೋಹಂಗ ಸಾರಿದಳು. ಅವತ್ತಿಂದ ಸಾಹೇಬರ ಹೊಟ್ಟಿ ಸುಮ್ಮಗಾತು, ಓಣಿ ಸುಮ್ಮನಿರಲಿಲ್ಲ. ಇವರ ಮನ್ಯಾಗ ಯಾವುದೋ ಹೊಸಾ ಮಡಿ ಹಿಡದಾರ ಅಂತ ಸುದ್ದಿ ಎದ್ದಿತು. ಎದುರು ಅಂಗಡಿ ಸಾಹುಕಾರನ ತಾಯಿ ತಲಿ ಮ್ಯಾಲ ನೀರು ಹಾಕ್ಕೊಂಡು, ಒದ್ದಿ ಸೀರ್ಯಾಗ ಮೊರದಾಗ ಜ್ವಾಳ ಹಿಡ್ಕೊಂಡು ಬಂದು, ಇದು ಯಾವ ದೇವರ ವ್ರತ ಅಂತ ಕೇಳಿದಳು.

ನಮ್ಮತ್ತಿ ಕಲ್ಲಿನಿಂದ ಕೈ ತಗೀಲಾರದ ಹೇಳಿದಳು: "ಓವರ್ಸೀರ್ ದೇವರದು. ಮೊದಲು ಅವನ ಜ್ವಾಳ ಬೀಸಬೇಕು, ಆಮ್ಯಾಲ ನಿನ್ನದು."

ಆ ತಾಯಿ ಭಕ್ತಿಯಿಂದ ಬೀಸಿದಳು. ಮರುದಿನ ತನ್ನ ಸೊಸಿನ್ನೂ ಕರಕೊಂಡು ಬಂದಳು.

ದಿನಾ ಜಾರೋ ನಿಂಬಿಹಣ್ಣು

ಹೊಟ್ಟಿ ಸುಧಾರಿಸ್ತು, ಮೈ ಹಿಡೀಬೇಕಲ್ಲ? ಹಾಲು ಕುಡದ್ರ ಸಾಹೇಬರಿಗೆ ಉಬ್ಬರ. ಒಂದಿನ ರೊಟ್ಟಿ ಮುರಕೋಂತ ಇಟಲಿ ಸುದ್ದಿ ತಗದರು. ಅಲ್ಲಿ ಗುಡ್ಡದಾಗಿನ ಮಂದಿ ಆಡಿನ ಹಾಲು ಒಡಸಿ, ಬಟ್ಟಿಯಾಗ ಕಟ್ಟಿ, ನೀರು ಇಳಿಸಿ ಗಟ್ಟಿ ಮಾಡ್ತಾರಂತ. ಚೀಸ್ ಅಂತಾರಂತ ಅದಕ್ಕ. ಅದೊಂದು ಮಾತ್ರ ತಮ್ಮ ಹೊಟ್ಟಿಗೆ ಹಿತ ಆಗಿತ್ತು ಅಂತ ಹೇಳೋವಾಗ ಅವರ ಕಣ್ಣು ಹಿತ್ತಲಾಗಿನ ಆಡಿನ ಮ್ಯಾಲ ಇದ್ದವು.

ನಮ್ಮತ್ತಿ ಕಿವಿ ಮುಚ್ಚಿಕೊಂಡಳು. ಹಾಲು ತಾನಾಗಿ ಒಡದ್ರನ ಅಪಶಕುನ, ಅಂಥಾದ್ರಾಗ ಬೇಕಂತ ಒಡೀತಾರೇನು? ಮಾಡಿದ್ರ ಆಡು ಬತ್ತಿ ಹೋಗ್ತಾವ ಅಂದಳು. ಆದ್ರ ಆಕಿಗೆ ಆ ಮನಷ್ಯಾನ ಮ್ಯಾಲ ಭಾಳ ಅಂತಃಕರಣ. ಮರುದಿನ ನೋಡ್ತೀನಿ, ಒಲಿ ಮ್ಯಾಲ ಆಡಿನ ಹಾಲು ಉಕ್ಕಾಕ ಬಂದಾವ, ಪಾತ್ರಿ ಅಂಚಿಗೆ ನಿಂಬಿಹಣ್ಣಿನ ಹೋಳು ಐತಿ. ನಮ್ಮತ್ತಿ ಆಡು ಕೂಗಿತು ಅಂತ ಆ ಕಡೆ ತಿರುಗಿದಳು. ಮೊಳಕೈ ತಾಗಿತು. ಹೋಳು ಹಾಲಾಗ ಬಿತ್ತು. ಆಕಿ ಎರಡೂ ಗಲ್ಲ ಬಡಕೊಂಡು, ತಪ್ಪಾತವ್ವಾ, ಕೈ ಜಾರಿತು ಅಂದಳು. ಒಡದ ಹಾಲು ಚೆಲ್ಲೋದು ಇನ್ನೂ ದೊಡ್ಡ ಪಾಪ ಅಂತ ಬಟ್ಟಿಯಾಗ ಕಟ್ಟಿ ಗೂಟಕ್ಕ ತೂಗು ಹಾಕಿದಳು.

ಅದಕ್ಕ ಉಪ್ಪು ಸವರಿ, ಬಿಸಿ ರೊಟ್ಟಿ ಮ್ಯಾಲ ಶೇಂಗಾ ಚಟ್ನಿ ಜೋಡಿ ಇಟ್ಟು ಕೊಟ್ಟರ ಸಾಹೇಬರು ಬೆರಳು ನೆಕ್ಕೋಂತ ಉಂಡರು. ಕಡೀಗೆ, ಇಟಲಿದಕ್ಕಿಂತ ಇದು ಚಲೋ ಐತಿ ಅಂದರು. ನಮ್ಮತ್ತಿ ಸೆರಗು ಸರಿ ಮಾಡ್ಕೊಂಡು, ಪಾಪ, ಅವರಿಗೆ ಕುರುಗೋಡಿನ ಆಡು ಎಲ್ಲಿಂದ ಸಿಗಬೇಕು ಅಂದಳು.

ಅವತ್ತಿಂದ ದಿನಾ ಕೈ ಜಾರಿತು. ದಿನಾ ಗಲ್ಲ ಬಡಕೊಂಡಳು. ಆಡೂ ಬತ್ತಲಿಲ್ಲ, ಸಾಹೇಬರ ಅಂಗಿ ಮೈತುಂಬ ಆತು. ಆದ್ರ ಒಂದು ಮಾತು ಹೇಳೇಬೇಕು. ದಿನಾ ಅಕಸ್ಮಾತ್ ಬೀಳೋ ಆ ನಿಂಬಿಹಣ್ಣಿಗೆ ನಮ್ಮತ್ತಿ ಮೊದಲೇ ಬೀಜ ತಗದಿರ್ತಿದ್ದಳು.

ದೇಶನೂರಿನ ಎಲಿ

ಆಗ ದೇಶನೂರಿನ ಒಬ್ಬ ಗೌಡರು ಭತ್ತ ಮಾರಾಕ ಬ್ರೂಸ್‌ಪೇಟಿಗೆ ಬಂದೋರು ನಮ್ಮಲ್ಲಿ ಉಣ್ಣಾಕ ಕುಂತರು. ಅವರಿಗೆ ಮಗಳಿದ್ದಳು, ನಮ್ಮ ಸಾಹೇಬರ ಸುದ್ದಿನೂ ಯಾರೋ ಹೇಳಿದ್ದರು. ಗೋಧಿ ತಿನ್ನಂಗಿಲ್ಲ ಅಂದ್ರ ರೋಗಿಷ್ಟ ಇರಬೇಕು ಅಂತ ಅನುಮಾನ. ಅಡಿಗಿಮನಿ ಬಾಗಿಲಾಗ ನಿಂತು ಎಲ್ಲಾ ನೋಡಿದರು, ನಮ್ಮತ್ತಿ ಕೈ ಜಾರಿದ್ದು, ಗಲ್ಲ ಬಡಕೊಂಡದ್ದು ನೋಡಿ ಹೊಟ್ಟಿ ಹಿಡ್ಕೊಂಡು ನಕ್ಕರು. ಬರ್ರಿ ನಮ್ಮೂರಿಗೆ, ನಮ್ಮಣ್ಣ ಒಪ್ಪಿದ್ರ ಮಾತು ಮುಗಸೋಣ ಅಂದು ಹೋದರು.

ಹಿರೇರು ಅಂತ ನಾನು, ನಮ್ಮತ್ತಿ ಸಾಹೇಬರ ಜೋಡಿ ಹೋದಿವಿ. ದಾರಿ ತುಂಬ ಆ ಮನಷ್ಯಾ, ಅಕ್ಕಾ, ಇದೂ ತಪ್ಪಿದ್ರ ನಾನು ಇನ್ನ ಹೆಣ್ಣು ನೋಡಂಗಿಲ್ಲ ಅಂತಿದ್ದರು.

ಎಲಿ ಹಾಕಿದರು. ಹುಡುಗಿ ದೊಡ್ಡಪ್ಪ ತನ್ನ ಕೈಯಾರೆ ಹೋಳಿಗಿ ಬಡಿಸಿ, ಮೀಸಿ ತಿರುವಿಕೋಂತ ಎದುರಿಗೇ ಕುಂತ. ಸಾಹೇಬರು ಎಲಿ ನೋಡಿದರು, ನಮ್ಮನ್ನ ನೋಡಿದರು, ಕೈ ಮುಂದ ಹೋಗಲಿಲ್ಲ. ದೊಡ್ಡಪ್ಪನ ಮುಖ ಬಿಗೀತು. ಗೌಡರು ಗಾಬರಿಯಾಗಿ, ಹಾಲರ ತರ್ರಿ ಒಳಗಿಂದ ಅಂದರು. ಹುಡುಗಿ ಹಾಲಿನ ತಂಬಗಿ ತಂದಿಟ್ಟಳು. ದೊಡ್ಡಪ್ಪ ಇಣುಕಿ ನೋಡಿದ. ಹಾಲು ಒಡದು ನೀರು ಬ್ಯಾರೆ, ಗಡ್ಡಿ ಬ್ಯಾರೆ ಆಗಿದ್ದವು. ಹೆಂಗಸರು ಬಾಯಿಗೆ ಸೆರಗು ಹಚ್ಚಿದರು.

"ಮುಗೀತು," ಅಂದ ದೊಡ್ಡಪ್ಪ. "ಇಂಥಾ ಶಕುನದ ಮ್ಯಾಲ ಈ ಸಂಬಂಧ ಬ್ಯಾಡ."

ಸಾಹೇಬರು ತಲಿ ತಗ್ಗಿಸಿ ಎಲಿಯಿಂದ ಏಳಾಕ ಹೊಂಟರು. ನಮ್ಮತ್ತಿ ಅವರ ಹೆಗಲು ಹಿಡದು ಕುಂದರಿಸಿದಳು. ತಂಬಗ್ಯಾಗ ಬೆರಳು ಅದ್ದಿ ನಾಲಿಗಿಗೆ ಹಚ್ಕೊಂಡಳು, ಚಪ್ಪರಿಸಿದಳು, ಹುಡುಗಿ ಕಡೆ ನೋಡಿದಳು. ಆ ಹುಡುಗಿ ನಿಂತಲ್ಲೇ ತನ್ನ ಎರಡೂ ಗಲ್ಲ ಮೆಲ್ಲಕ ಬಡಕೊಂಡಳು.

"ತಪ್ಪಾತ್ರಿ ಅಮ್ಮಾ. ನಿಂಬಿಹಣ್ಣು ಕೈ ಜಾರಿ ಬಿತ್ತು."

ಅಪ್ಪ ಮನ್ಯಾಗ ನಕ್ಕೋಂತ ಹೇಳಿದ್ದನ್ನ ಆಕಿ ಚಂದಾಗಿ ಕೇಳಿಸಿಕೊಂಡಿದ್ದಳು. ಒಳಗ ಹೋಗಿ ಬಿಸಿ ಜ್ವಾಳದ ರೊಟ್ಟಿನೂ ತಂದಳು. ಮರ್ಯಾದಿ ಹೋತು ಅಂತ ದೊಡ್ಡಪ್ಪ ಬಾಯಿ ತಗಿಯೋದ್ರಾಗ ಸಾಹೇಬರು ಅರ್ಧ ರೊಟ್ಟಿ ಮುಗಿಸಿದ್ದರು. ನನಗ ಎಷ್ಟು ಖುಷಿ ಆತು ಅಂದ್ರ, ನನ್ನ ಮಗಂದ ಸಂಬಂಧ ಗಟ್ಟಿಯಾದಂಗ ಕಣ್ಣಾಗ ನೀರು ಬಂದವು. ಗೌಡರು, ವರೋಪಚಾರಕ್ಕ ಏನು ಕೊಡಬೇಕು, ಗಡಿಯಾರನೋ ಸೈಕಲ್ಲೋ ಅಂತ ಕೇಳಿದರು.

ಉತ್ತರ ನಮ್ಮತ್ತಿನ ಕೊಟ್ಟಳು: "ಹುಡುಗಿ ಬಂಗಾರ. ಆದ್ರ ಎಮ್ಮಿ ಹಾಲಾಗ ಮಾಡ್ಯಾಳ. ಒಂದು ಹಾಲು ಹಿಂಡೋ ಆಡು ಕೊಟ್ಟು ಕಳಿಸ್ರಿ."

ಅಳಿಯನ ಹೆಸರಿನ ಬುಟ್ಟಿ

ಮದುವಿ ಜೋರಾತು. ಆಡಿಗೂ ಅರಿಶಿಣ ಕುಂಕುಮ ಹಚ್ಚಿ ಬಂಡಿ ಹತ್ತಿಸಿದರು. ದೊಡ್ಡಪ್ಪ ಮಾತ್ರ ಹಟ ಬಿಡಲಿಲ್ಲ. ತಿನ್ನಲಿ ಬಿಡಲಿ, ಅಳಿಯನ ಹೆಸರಿನ ಹೋಳಿಗಿ ಹೋಗೇ ಹೋಗಬೇಕು ಅಂತ ಒಂದು ಬುಟ್ಟಿ ತುಂಬಿಸಿ ಅದ ಬಂಡ್ಯಾಗ ಇಡಿಸಿ, ಹೆಣ್ಣು ಕಳಸಾಕ ತಾನೂ ಜೋಡಿ ಬಂದ. ಬಳ್ಳಾರಿ ಗುಡ್ಡ ಕಾಣೋ ಹೊತ್ತಿಗೆ ಬುಟ್ಟಿ ಬರಿದು, ಆಡು ಬಾಯಿ ಚಪ್ಪರಿಸ್ತಿತ್ತು. ದೊಡ್ಡಪ್ಪ ಸಿಟ್ಟಾಗ್ತಾನ ಅಂತ ನಾವು ಅಂಜಿದ್ರ ಆತನ ಮುಖ ಅರಳಿತ್ತು. ಅಳಿಯ ತಿನ್ನದಿದ್ರೂ ಅಳಿಯನ ಆಡು ತಿಂತಲ್ಲ, ನಮ್ಮ ಹೋಳಿಗಿ ಉಳೀಲಿಲ್ಲ ಬಿಡ್ರಿ ಅಂತ ಮೀಸಿ ತಿರುವಿಕೊಂಡ.

ಮರುದಿನ ಮುಂಜಾನಿ ಹೊಸಾ ಮದುಮಗಳು ನಮ್ಮ ಹಿತ್ತಲಾಗ ತಂಬಗಿ ಹಿಡದು ಹಾಲು ಹಿಂಡಾಕ ಕುಂತಳು. ನಿಂಬಿಹಣ್ಣು ಹೆಚ್ಚಿ, ಬೀಜ ತಗದು, ತಯಾರ ಇಟ್ಟಿದ್ದಳು. ನಮ್ಮತ್ತಿ ಓಡಿ ಬಂದು ಕೈ ಹಿಡದಳು. ಬ್ಯಾಡ, ಈ ಆಡು ನಿನ್ನೆ ಗೋಧಿ ಹೋಳಿಗಿ ತಿಂದೈತಿ, ಇನ್ನ ಮ್ಯಾಲ ಇದಕ್ಕೂ ಪಥ್ಯ ಅಂತ ಹೇಳಿ ಆಡಿನ ಮುಂದ ಜ್ವಾಳದ ಸೊಪ್ಪಿ ಹಾಕಿದಳು. ಸಾಹೇಬರು ನಕ್ಕು, ಅಮ್ಮಾ, ಡಾಕ್ಟರು ಹಂಗೇನೂ ಹೇಳಿಲ್ಲ ಅಂದರು.

"ಡಾಕ್ಟರು ನಿನ್ನ ನೋಡ್ಯಾರ ತಮ್ಮಾ," ಅಂದಳು ನಮ್ಮತ್ತಿ. "ಆಡನ್ನ ನೋಡಿಲ್ಲ."